ಸೌರ ಕುಕ್ಕರ್: ಖಾಲಿ ಪೆಟ್ಟಿಗೆಯ ತಾಪವನ್ನು ನಂಬಬಹುದೇ?

ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಪೆಟ್ಟಿಗೆ ಮಾದರಿಯ ಸೌರ ಕುಕ್ಕರ್ ಕಾಣದಿರುವುದು ಅಪರೂಪ. ಒಳಗೆ ತಾಪಮಾಪಕ ಇಟ್ಟು '120 ಡಿಗ್ರಿ ಮುಟ್ಟಿತು' ಎಂದು ಫಲಕ ಬರೆಯುತ್ತಾರೆ. ಮಾರಾಟದ ಕರಪತ್ರಗಳೂ ಇಂಥ ಅಂಕಿಯನ್ನೇ ಎತ್ತಿ ಹೇಳುತ್ತವೆ. ಆದರೆ ಇದು ಖಾಲಿ ಪೆಟ್ಟಿಗೆಯ ತಾಪ. ಖಾಲಿ ಪೆಟ್ಟಿಗೆಯಲ್ಲಿ ಯಾರೂ ಅಡುಗೆ ಮಾಡುವುದಿಲ್ಲ.

ಭಾರತೀಯ ಮಾನಕ ಐಎಸ್ 13429 ಈ ವ್ಯತ್ಯಾಸವನ್ನು ಸರಿಯಾಗಿ ಗುರುತಿಸಿದೆ. ಕನ್ನಡಿಯನ್ನು ಮುಚ್ಚಿ ಎರಡು ಪರೀಕ್ಷೆ ಮಾಡಬೇಕು. ಮೊದಲನೆಯದರಲ್ಲಿ ಖಾಲಿ ಕುಕ್ಕರಿನ ತಟ್ಟೆ ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಕಾದಿದೆ ಎಂಬುದನ್ನು ಬಿಸಿಲಿನ ತೀವ್ರತೆಯಿಂದ ಭಾಗಿಸುತ್ತಾರೆ. ಭಾಗಲಬ್ಧ 0.12 ದಾಟಿದರೆ 'ಎ' ದರ್ಜೆ. ಅಂದರೆ ಚದರ ಮೀಟರಿಗೆ 800 ವಾಟ್ ಬಿಸಿಲಿನಲ್ಲಿ 96 ಡಿಗ್ರಿ ಏರಿಕೆ. ಎರಡನೆಯದರಲ್ಲಿ ಚದರ ಮೀಟರಿಗೆ 8 ಕಿಲೋಗ್ರಾಂ ನೀರಿಟ್ಟು ಅದು ಕಾಯುವ ವೇಗವನ್ನು ಅಳೆಯುತ್ತಾರೆ. ಅಡುಗೆಮನೆಗೆ ಬೇಕಾದುದು ಈ ಎರಡನೆಯದು. ಪ್ರದರ್ಶನಗಳಲ್ಲಿ ಬಿಟ್ಟುಹೋಗುವುದೂ ಇದೇ.

ಲೆಕ್ಕ ಸುಲಭ. ಗಾಜಿನ ವಿಸ್ತೀರ್ಣ 0.25 ಚದರ ಮೀಟರ್ ಇದ್ದರೆ ಬೀಳುವ ಬಿಸಿಲು 200 ವಾಟ್. ದಕ್ಷತೆ ಶೇಕಡಾ 35 ಎಂದು ಹಿಡಿದರೆ ಪಾತ್ರೆಗೆ ದಕ್ಕುವುದು 70 ವಾಟ್. ಎರಡು ಕಿಲೋಗ್ರಾಂ ನೀರನ್ನು 25ರಿಂದ 95 ಡಿಗ್ರಿಗೆ ಏರಿಸಲು 588 ಕಿಲೋಜೂಲ್ ಬೇಕು. ಸಮಯ 8,400 ಸೆಕೆಂಡು, ಅಂದರೆ 2 ಗಂಟೆ 20 ನಿಮಿಷ. ನೀರನ್ನು ಅರ್ಧಕ್ಕೆ ಇಳಿಸಿದರೆ ಸಮಯವೂ ಹೆಚ್ಚೂಕಡಿಮೆ ಅರ್ಧವಾಗುತ್ತದೆ. ಬೇಳೆ ನೆನೆಸಿಡುವುದು, ನೀರು ಅಳೆದು ಹಾಕುವುದು, ಕಪ್ಪು ಬಳಿದ ತೆಳು ಪಾತ್ರೆ ಬಳಸುವುದು ಇವೆಲ್ಲದರ ಬೆಲೆ ಇಲ್ಲಿದೆ. ಕುದಿಯಲೇಬೇಕೆಂಬ ಹಟವೂ ಬೇಡ. ಅಕ್ಕಿಯ ಪಿಷ್ಟ 70-80 ಡಿಗ್ರಿಯಲ್ಲೇ ಅರಳತೊಡಗುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ.

ಬಳಕೆಯ ಸೂಚನೆಗಳಲ್ಲಿ ಇನ್ನೊಂದು ಎಡವಟ್ಟು ಇದೆ: 'ಕನ್ನಡಿ ಸದಾ ದಕ್ಷಿಣಕ್ಕೆ ಮುಖ ಮಾಡಿರಲಿ.' ದೆಹಲಿಗೆ ಇದು ಸರಿ. 13 ಡಿಗ್ರಿ ಅಕ್ಷಾಂಶದ ಬಾಣಸವಾಡಿಯಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣಕ್ಕೆ ಮುಖ ಮಾಡಿ ನೆಟ್ಟಗೆ ನಿಂತ ಕನ್ನಡಿ ಪೆಟ್ಟಿಗೆಯ ಮೇಲೆ ನೆರಳನ್ನೇ ಬೀಳಿಸುತ್ತದೆ. ಉತ್ತರದಲ್ಲಿ ಬರೆದ ಸೂಚನೆಯನ್ನು ಕಣ್ಣುಮುಚ್ಚಿ ಅನುವಾದಿಸಿದರೆ ಹೀಗಾಗುತ್ತದೆ!

ಬಾಣಸವಾಡಿಯ ನಿಜವಾದ ತೊಡಕು ಭೌತಶಾಸ್ತ್ರದ್ದಲ್ಲ. ಮೂವತ್ತು-ನಲವತ್ತರ ನಿವೇಶನದಲ್ಲಿ ಮೂರು-ನಾಲ್ಕು ಮಹಡಿಯ ಮನೆ. ತಾರಸಿಯಲ್ಲಿ ನೀರಿನ ತೊಟ್ಟಿ, ಪಕ್ಕದ ಕಟ್ಟಡದ ನೆರಳು. ನೆಲಮಹಡಿಯ ಬಾಡಿಗೆದಾರರು ಕುಕ್ಕರ್ ಇಡುವುದೆಲ್ಲಿ? ಇಂಡಿಯನ್ ಆಯಿಲ್ ಸಂಸ್ಥೆಯ 'ಸೂರ್ಯ ನೂತನ' ಈ ಪ್ರಶ್ನೆಗೆ ಒಂದು ಉತ್ತರ. ಅದರ ಎರಡು ಒಲೆಗಳ ಮಾದರಿಯನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಅನಾವರಣಗೊಳಿಸಿದರು. ಇದರಲ್ಲಿ ಫಲಕ ಛಾವಣಿಯ ಮೇಲೆ, ಉಷ್ಣ ಸಂಗ್ರಹಿಸುವ ಒಲೆ ಅಡುಗೆಮನೆಯಲ್ಲಿ. ಬಿಸಿಲನ್ನು ವಿದ್ಯುತ್ತಾಗಿಸುವ ಹಂತದಲ್ಲೇ ಸುಮಾರು ಐದನೆಯ ನಾಲ್ಕು ಪಾಲು ಶಕ್ತಿ ಕೈಬಿಡುತ್ತದೆ. ದಕ್ಷತೆಯಲ್ಲಿ ಪೆಟ್ಟಿಗೆಯೇ ಮೇಲು. ಆದರೆ ಪೆಟ್ಟಿಗೆಯ ಉಷ್ಣವನ್ನು ತಂತಿಯಲ್ಲಿ ಕೆಳಮಹಡಿಗೆ ಇಳಿಸಲಾಗದು.