ಬಣ್ಣದ ನಕ್ಷೆಯಲ್ಲಿ ಅಡಗುವ ಶಿಯರ್

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಈಗ ಬೈಪಾಸ್ ಹಿಡಿದ ವಾಹನಗಳು ರಾಮನಗರ, ಚನ್ನಪಟ್ಟಣದ ಪೇಟೆ ಹೊಗದೆ ಸೇತುವೆಗಳನ್ನು ದಾಟಿ ಸಾಗಿಬಿಡುತ್ತವೆ. ಇಂಥ ಸೇತುವೆಯಿರಲಿ, ಕನಕಪುರದಲ್ಲಿ ಅರ್ಕಾವತಿಗೆ ಕಟ್ಟುವ ಸೇತುವೆಯಿರಲಿ, ಮಾಗಡಿಯ ಹಳ್ಳಿ ರಸ್ತೆಯ ಬಾಕ್ಸ್ ಕಲ್ವರ್ಟ್ ಇರಲಿ, ಇಂದಿನ ಎಂಜಿನಿಯರು ಮೊದಲು ತೆರೆಯುವುದು ಸ್ಟಾಡ್ ಪ್ರೊ ಅಥವಾ ಮಿಡಾಸ್‌ನಂಥ ತಂತ್ರಾಂಶವನ್ನು.

ಈ ತಂತ್ರಾಂಶಗಳು ಬಳಸುವ, ರಚನೆಯನ್ನು ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನದ ಹಿರಿಮೆ ದೊಡ್ಡದು. ಹೊಳೆಯನ್ನು ಓರೆಯಾಗಿ ದಾಟುವ ಡೆಕ್ಕಿನಲ್ಲಿ ಭಾರ ಯಾವ ಗರ್ಡರಿಗೆ ಎಷ್ಟು ಹಂಚಿಹೋಗುತ್ತದೆ ಎಂಬುದನ್ನು ಕೈಲೆಕ್ಕದಲ್ಲಿ ಹಿಡಿಯುವುದು ಕಷ್ಟ. ತಂತ್ರಾಂಶ ಅದನ್ನು ನಿಮಿಷಗಳಲ್ಲಿ ಕೊಡುತ್ತದೆ.

ತೊಡಕಿರುವುದು ಫಲಿತಾಂಶ ಓದುವ ರೂಢಿಯಲ್ಲಿ. ಕಂಪ್ಯೂಟರ್ ಮೊದಲು ಕಂಡುಹಿಡಿಯುವುದು ಎಲಿಮೆಂಟುಗಳು ಕೂಡುವ ಬಿಂದುಗಳಾದ ನೋಡ್‌ಗಳ ಸ್ಥಾನಪಲ್ಲಟವನ್ನು. ತೊಲೆಯಲ್ಲಿ ಅದರ ಎರಡನೆಯ ಅವಕಲನದಿಂದ ಬೆಂಡಿಂಗ್ ಮೊಮೆಂಟ್, ಮೂರನೆಯದರಿಂದ ಶಿಯರ್ (ಕತ್ತರಿಸುವ ಬಲ) ಸಿಗುತ್ತದೆ. ಹಂತ ಇಳಿದಂತೆ ನಿಖರತೆಯೂ ತಗ್ಗುತ್ತದೆ. ಎರಡೂ ತುದಿ ಬಿಗಿದ ತೊಲೆಯನ್ನು ಒಂದೇ ಎಲಿಮೆಂಟ್ ಆಗಿ ಮಾಡಿ ಸಮನಾದ ಭಾರ ಹೊರಿಸಿದರೆ ನೋಡ್‌ಗಳು ಅಲುಗುವುದೇ ಇಲ್ಲ. ಸ್ಥಾನಪಲ್ಲಟದಿಂದ ಸಿಗುವ ಮೊಮೆಂಟ್ ಸೊನ್ನೆ! ನಿಜವಾಗಿ ತುದಿಯಲ್ಲಿ ಒಟ್ಟು ಭಾರ ಗುಣಿಸು ಉದ್ದದ ಹನ್ನೆರಡನೇ ಒಂದು ಪಾಲು ಇರುತ್ತದೆ. ಒಳ್ಳೆಯ ತಂತ್ರಾಂಶ ಈ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ.

ಸ್ಲ್ಯಾಬಿನಲ್ಲಿ ಕಷ್ಟ ಬೇರೆ. ಬೇರಿಂಗನ್ನು ಒಂದೇ ಬಿಂದುವಾಗಿ ತೋರಿಸಿದರೆ, ಎಲಿಮೆಂಟುಗಳ ಜಾಲರಿ ಸಣ್ಣದಾದಷ್ಟೂ ಅಲ್ಲಿನ ಮೊಮೆಂಟ್ ಏರುತ್ತಲೇ ಹೋಗುತ್ತದೆ. ಜಾಲರಿ ಒರಟಾದರೆ ಶಿಯರ್ ಕಳೆದುಹೋಗುತ್ತದೆ. ನೆರೆಯ ಎಲಿಮೆಂಟುಗಳ ಬೆಲೆಗಳನ್ನು ಸರಾಸರಿ ಮಾಡಿ ಬಿಡಿಸಿದ ನುಣುಪಾದ ಬಣ್ಣದ ನಕ್ಷೆ ಎರಡನ್ನೂ ಮರೆಮಾಚಬಲ್ಲದು.

ಶಿಯರ್ ಹೀಗೆ ಕಳೆದುಹೋದುದರ ಬೆಲೆಯನ್ನು ನಾರ್ವೆ ತೆತ್ತಿದೆ. 1991ರ ಆಗಸ್ಟ್ 23ರಂದು ಸ್ಲೀಪ್ನರ್-ಎ ತೈಲವೇದಿಕೆಯ ಕಾಂಕ್ರೀಟ್ ತಳ ಸ್ಟಾವಂಗರ್ ಬಳಿ ಮುಳುಗಿತು. ಆ ತಳದ ಕೋಶಗಳ ನಡುವಿನ ಗೋಡೆಯ ಶಿಯರನ್ನು ಫೈನೈಟ್ ಎಲಿಮೆಂಟ್ ಲೆಕ್ಕ ಸುಮಾರು 47% ಕಡಿಮೆ ತೋರಿಸಿತ್ತು. ಕಬ್ಬಿಣದ ಹಿಡಿತವೂ ಸಾಲದಾಗಿತ್ತು.

ತಂತ್ರಾಂಶದ ಉತ್ತರವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಲು ಒಂದು ಹಾಳೆ ಸಾಕು. ಸೇತುವೆ ವಿನ್ಯಾಸಕ್ಕೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಗೊತ್ತುಪಡಿಸಿದ 70ಆರ್ ಟ್ರ್ಯಾಕ್ ವಾಹನದ ತೂಕ 70 ಟನ್, ನೆಲ ಮುಟ್ಟುವ ಉದ್ದ 4.57 ಮೀಟರ್. 25 ಮೀಟರಿನ ಸರಳ ಸ್ಪ್ಯಾನಿನ ನಡುವೆ ನಿಂತರೆ, ಇಂಪ್ಯಾಕ್ಟ್ ಬಿಟ್ಟು, ಒಟ್ಟು ಮೊಮೆಂಟ್ ಸುಮಾರು 398 ಟನ್-ಮೀಟರ್. ಬೇರಿಂಗ್ ಪಕ್ಕಕ್ಕೆ ಬಂದರೆ ಶಿಯರ್ ಸುಮಾರು 64 ಟನ್. ನೇರ ಡೆಕ್ಕಿನ ಅಡ್ಡಸೀಳಿನಲ್ಲಿ ಎಲ್ಲ ಗರ್ಡರುಗಳ ಪಾಲು ಕೂಡಿಸಿದರೆ ಈ ಅಂಕಿಗಳೇ ಬರಬೇಕು.

ಬಣ್ಣದ ಚಿತ್ರಗಳನ್ನಷ್ಟೇ ಲಗತ್ತಿಸಿದ ವಿನ್ಯಾಸ ವರದಿ ಅಪೂರ್ಣ. ಈ ಕೈಲೆಕ್ಕದ ಜೊತೆಗೆ, ಹೊರಿಸಿದ ಭಾರಕ್ಕೂ ಬೇರಿಂಗುಗಳ ಪ್ರತಿಕ್ರಿಯೆಗೂ ತಾಳೆ, ಜಾಲರಿಯನ್ನು ಅರ್ಧಕ್ಕೆ ಇಳಿಸಿದಾಗ ಬಂದ ಶಿಯರ್ ಇವೂ ಅದರಲ್ಲಿರಬೇಕು. ಇವಿಲ್ಲದ ವರದಿಯನ್ನು ಪರಿಶೀಲಿಸುವ ಅಧಿಕಾರಿ ಸಹಿ ಹಾಕದೆ ಹಿಂದಿರುಗಿಸಬೇಕು.