ಕೇಳುವ ಕಿವಿ, ಬಿಡಿಸುವ ಕೈ

ತಾಳವಾಡಿ ಆಡಳಿತಕ್ಕೆ ತಮಿಳುನಾಡಿನ ಈರೋಡಿನದು, ಹಾಡಿಗೆ ಚಾಮರಾಜನಗರದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಇಲ್ಲಿನ ಹಾಡುಗಳ ದೇವರುಗಳಾದ ಮಾದಪ್ಪ (ಮಾದೇಶ್ವರ), ಸಿದ್ದಪ್ಪಾಜಿಯರಿಗೆ ಆ ಗಡಿ ಇಂದಿಗೂ ಗೊತ್ತಿಲ್ಲ. ಈ ಸೀಮೆಯಲ್ಲಿ ಹರಕೆ ಹೊತ್ತವರು ‘ಕಥೆ ಮಾಡಿಸು’ತ್ತಾರೆ. ತಂಬೂರಿ ಹಿಡಿದು ನೀಲಗಾರರು ಬರುತ್ತಾರೆ, ಕಂಸಾಳೆ ಹಿಡಿದು ದೇವರಗುಡ್ಡರು ಬರುತ್ತಾರೆ.

ಕಥೆ ಕೇಳುವುದೂ ಒಂದು ಕಸುಬೇ. ಮಾದೇಶ್ವರನ ಕಥೆಯಲ್ಲಿ ಸಂಕಮ್ಮನ ಸಾಲು, ಅಂದರೆ ಅವಳ ಪ್ರಸಂಗ, ಬಂದಾಗ ಅದು ತಿಳಿಯುತ್ತದೆ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನ ಬಳಿ ಪಾತಿವ್ರತ್ಯದ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಆಗಲೂ ಕೊಡುವುದಿಲ್ಲ. ಮುಂದೆ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ಹಾಡುಗಾರ ಅಲ್ಲೇ ನಿಂತು ಇನ್ನಷ್ಟು ಎಳೆಯುತ್ತಾನೆ. ಮಕ್ಕಳು ತೂಕಡಿಸಿದರೆ ಎಡಗೈ ಬಟ್ಟಲಿಗೆ ಬಲಗೈ ತಾಳ ಜೋರಾಗಿ ಬೀಳುತ್ತದೆ, ಕಥೆ ಒಂದು ಊರು ದಾಟಿಬಿಡುತ್ತದೆ. ವಿಮರ್ಶೆ ಆಗಲೇ, ಅಲ್ಲೇ ನಡೆದುಹೋಗಿರುತ್ತದೆ.

ಇದೇ ಸಂಕಮ್ಮ ಪಿಎಚ್.ಡಿ. ಪ್ರಬಂಧಕ್ಕೆ ಬಂದರೆ ಸಾಮಾನ್ಯವಾಗಿ ನಾಲ್ಕನೆಯ ಅಧ್ಯಾಯದಲ್ಲಿರುತ್ತಾಳೆ. ಮೊದಲ ಮೂರನ್ನು ಫುಕೊ, ಡೆರಿಡಾ ಮತ್ತು ‘ಸೈದ್ಧಾಂತಿಕ ಚೌಕಟ್ಟು’ ತಿಂದಿರುತ್ತವೆ. ಅವಳ ಮೌನ ಪ್ರತಿರೋಧದ ನೆಲೆಯೇ ಇರಬಹುದು, ನನ್ನ ತಕರಾರಿಲ್ಲ. ಆದರೆ ಆ ತೀರ್ಮಾನ ಅವಳನ್ನು ಕೇಳುವ ಮೊದಲೇ ಸಿದ್ಧವಾಗಿತ್ತಲ್ಲ, ಅದು ನನ್ನ ತಕರಾರು.

ಹಾಗೆಂದು ಸಿದ್ಧಾಂತವೇ ಬೇಡ ಎನ್ನುವ ಕಥೆಗಾರರ ಜೊತೆಗೂ ನಾನಿಲ್ಲ. ಓದಿದರೆ ಪ್ರತಿಭೆ ಬತ್ತುತ್ತದೆ ಎಂಬುದು ಸೋಮಾರಿಗಳ ಸೊಕ್ಕು. ಹಾಡುಗಾರರನ್ನು ಕೇಳಲೆಂದೇ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯದ ಹಳ್ಳಿಗಳಿಗೆ ಧ್ವನಿಮುದ್ರಣದ ಯಂತ್ರ ಹೊತ್ತು ಹೋದ. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ‘ದಿ ಸಿಂಗರ್ ಆಫ್ ಟೇಲ್ಸ್’ ಬರೆದ. ಹಾಡುಗಾರ ಬಾಯಿಪಾಠ ಒಪ್ಪಿಸುವುದಿಲ್ಲ, ಸಿದ್ಧ ನುಡಿಗಟ್ಟುಗಳನ್ನು ಜೋಡಿಸುತ್ತ ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಾನೆ ಎಂದು ತೋರಿಸಿದ. ಅದನ್ನು ಓದಿದ ಮೇಲೆ ನೀಲಗಾರರ ಕಥೆ ನನಗೆ ಇನ್ನೂ ಚೆನ್ನಾಗಿ ಕೇಳಿಸಿತು. ಕಿವಿಯಿಂದ ಹುಟ್ಟಿದ ಸಿದ್ಧಾಂತ ಅದು.

ನಮ್ಮಲ್ಲೂ ಅಂಥದ್ದಿತ್ತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕಾವ್ಯವಲ್ಲ, ಕಾವ್ಯಶಾಸ್ತ್ರ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಸಂಸ್ಕೃತದ ದಂಡಿಯಿಂದ ಸಾಕಷ್ಟು ಪಡೆದಿದೆ. ಆದರೂ ಓದದೆಯೇ ಕಾವ್ಯ ಬಲ್ಲ ಜನ ಈ ನಾಡಿನವರು ಎಂದು ಮೆಚ್ಚಿ ಹೇಳುವ ಧೈರ್ಯ ಅದಕ್ಕಿತ್ತು.

ಆ ಕಿವಿ ತಪ್ಪಿದ್ದಕ್ಕೆ ಒಂದು ಉದಾಹರಣೆ: ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ 1980ರ ದಶಕದಲ್ಲಿ ಬಂತು. ಅದರಲ್ಲಿ ದೀಪದ ಚೇತನಗಳಾದ ಜೋತಮ್ಮಗಳು ಸೇರಿ ಮಾತಾಡುವುದನ್ನು ಕಂಡವರು ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಜ್ ಹೆಸರೆತ್ತಿದರು, ಮಾಂತ್ರಿಕ ವಾಸ್ತವ ಎಂದರು. ದೇವರಗುಡ್ಡರ ಕಥೆಗೆ ನಿದ್ದೆಗೆಟ್ಟವರಿಗೆ ಕೊಲಂಬಿಯಾದವರೆಗೆ ಹೋಗುವ ಅಗತ್ಯವಿರಲಿಲ್ಲ. ಅಲ್ಲಿ ದೇವರು ಮಾಯಕಾರ, ಮರಗಿಡ ಮಾತಾಡುತ್ತವೆ, ಯಾರೂ ಹುಬ್ಬೇರಿಸುವುದಿಲ್ಲ. ಮಾರ್ಕ್ವೆಜ್ ಜೊತೆ ಹೋಲಿಸಿದ್ದು ತಪ್ಪಲ್ಲ, ಮಾದೇಶ್ವರನ ಕಥೆಯ ಸಾಲುಗಳನ್ನು ಬಿಟ್ಟು ಅಲ್ಲಿಗೆ ಹಾರಿದ್ದು ತಪ್ಪು.

ಮಾದೇಶ್ವರನ ಕಾವ್ಯ ಈಗ ಕೈಗೆ ಸಿಗುತ್ತದೆ. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ದಾರೆ; ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ಪ್ರಕಟಿಸಿದೆ. ಸಂಶೋಧನೆಗೆ ಮಾರ್ಗದರ್ಶನ ಮಾಡುವ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ: ವಿದ್ಯಾರ್ಥಿಗೆ ಆ ಪುಸ್ತಕ ಕೊಡುವ ಮುನ್ನ ಒಂದು ರಾತ್ರಿ ಕಥೆಗೆ ಕೂರಿಸಿ, ‘ಸೈದ್ಧಾಂತಿಕ ಚೌಕಟ್ಟ’ನ್ನು ಕೊನೆಯ ಅಧ್ಯಾಯಕ್ಕೆ ಹಾಕಿಸಿ.