ಕವಡೆಯ ಕೈಗುಣ

ಮೊಬೈಲಿನಲ್ಲಿ ಸಿಗುವ ಚೌಕಾಬಾರ ನನಗೆ ರುಚಿಸಿಲ್ಲ. ನಿಯಮದಲ್ಲಿ ತಪ್ಪು ಹುಡುಕುವಂತಿಲ್ಲ: ಐದೈದು ಮನೆ, ನಾಲ್ಕು ಕವಡೆ; ನಾಲ್ಕೂ ಅಂಗಾತ ಬಿದ್ದರೆ ಚೌಕಾ, ನಾಲ್ಕೂ ಬೋರಲಾದರೆ ಬಾರಾ, ಅಂದರೆ ಎಂಟು. ಚಿತ್ರವೂ ಚೆಂದ. ಆದರೆ ಬೆರಳಿಟ್ಟ ಮೇಲೆ ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಎಲ್ಲ ಕವಡೆಯೂ ಒಟ್ಟಿಗೇ ಬಿದ್ದು, ಲೆಕ್ಕ ಪರದೆಯ ಮೇಲೆ ಮೂಡುತ್ತದೆ. ಕಡಿಸಿಕೊಂಡ ಕಾಯಿ ಸದ್ದಿಲ್ಲದೆ ಮಾಯ.

ಮೂಗೂರು ಹಳ್ಳಿಯ ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕೂತವರಿಗೆ ಈ ತಾಪತ್ರಯವಿಲ್ಲ. ಅಂಗೈಯಲ್ಲಿ ಕವಡೆ ಕುಲುಕುವಾಗಲೇ ಆಟ ಶುರು. ಮೂರು ಅಂಗಾತ ಬಿದ್ದು ನಾಲ್ಕನೆಯದು ಮಗುಚಲೋ ಬೇಡವೋ ಎಂದು ತೂಗಾಡಿದರೆ ಎದುರಾಳಿಯೂ ಉಸಿರು ಬಿಗಿಹಿಡಿಯುತ್ತಾನೆ. ಕಾಯಿ ಕಡಿದಾಗ ಅದನ್ನು ಕುಟ್ಟಿ ಹೊರಗೆ ತಳ್ಳುವ ಸುಖ, ಮೇಲೆ ಇನ್ನೊಂದು ಆಟದ ಲಾಭ. ಒಂದಾದರೂ ಕಾಯಿ ಕಡಿಯದವನಿಗೆ ಒಳಮನೆಗೆ ದಾರಿಯಿಲ್ಲ ಎಂದು ಕಟ್ಟಳೆ ಮಾಡಿದವರು ಯಾರೋ, ಆಟದ ಮರ್ಮ ಬಲ್ಲವರು.

ವಿಡಿಯೊ ಗೇಮ್ ಕಟ್ಟುವ ಜಾಣರೂ ಇದೇ ಸುಖದ ಬೆನ್ನು ಹತ್ತಿದವರು. 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಗುಂಡಿಯನ್ನು ಮುಟ್ಟಿ ಬಿಟ್ಟರೆ ಸಣ್ಣ ನೆಗೆತ, ಒತ್ತಿ ಹಿಡಿದರೆ ದೊಡ್ಡದು. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಗುದ್ದು ತಾಗಿದೊಡನೆ ಹೊಡೆದವನೂ ತಿಂದವನೂ ಅರೆಕ್ಷಣ ಕಲ್ಲಾಗುತ್ತಾರೆ. ಗುದ್ದಿಗೆ ತೂಕ ಬರುವುದು ಅದರಿಂದ. 2018ರ ಸೆಲೆಸ್ಟ್ ಇನ್ನೂ ಕಿಲಾಡಿ. ಬಂಡೆಯ ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ನೆಗೆಯಲು ಬಿಡುತ್ತದೆ. ಲೆಕ್ಕಕ್ಕೆ ಮೋಸ, ಆಡುವವನಿಗೆ ಮಾತ್ರ ತನ್ನ ಕೈಯೇ ಚುರುಕು ಅನ್ನಿಸುತ್ತದೆ. ಇಂಥ ಮೋಸಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದರೆ ಒಂದೊಂದರ ಪಾಲಿಗೆ ಬರುವುದು ಸುಮಾರು 16.7 ಮಿಲಿಸೆಕೆಂಡು. ಹತ್ತಾರು ಚಿತ್ರ ಕಳೆದ ಮೇಲೆ ಆಟ ಓಗೊಟ್ಟರೆ ಬೆರಳಿಗೆ ಕೂಡಲೇ ತಿಳಿದುಹೋಗುತ್ತದೆ. ಜೇಜಮ್ಮನಂಥ ನರ್ತಕಿಯ ಹೆಸರಿನೊಂದಿಗೆ ಬೆಸೆದುಕೊಂಡ ಮೂಗೂರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹೆಜ್ಜೆ ಬಿದ್ದಾದ ಮೇಲೆ ಗೆಜ್ಜೆ ನುಡಿದರೆ ಅಂಥ ನಾಟ್ಯ ಯಾರಿಗೆ ಬೇಕು!

ತಡದಲ್ಲೂ ಎರಡು ಜಾತಿ. ಕೈ ಮಾಡಿದ್ದಕ್ಕೂ ಆಟ ಓಗೊಡುವುದಕ್ಕೂ ನಡುವಿನ ತಡ ಆಟವನ್ನು ಕೊಲ್ಲುತ್ತದೆ. ಓಗೊಟ್ಟ ಮೇಲೆ ಫಲ ತಿಳಿಯುವವರೆಗಿನ ತಡ ಆಟಕ್ಕೆ ಜೀವ ತುಂಬುತ್ತದೆ. ನಾನು ಆಡಿದ ಆ್ಯಪ್‌ಗಳು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಕಿತ್ತುಹಾಕಿವೆ. ಚೌಕಾಬಾರವನ್ನು ಮೊಬೈಲಿಗೆ ತರುವವರು ಬೆರಳು ತಾಗಿದೊಡನೆ ಕವಡೆ ಗಲಗಲ ಎನ್ನುವಂತೆ ಮಾಡಲಿ. ಕುಲುಕಿದಷ್ಟು ಹೊತ್ತೂ ಸದ್ದಿರಲಿ, ಕಾಯಿ ಕಡಿದಾಗ ಫೋನು ಒಮ್ಮೆ ನಡುಗಲಿ. ನಾಲ್ಕನೆಯ ಕವಡೆಗೆ ಮಾತ್ರ ಅವಸರ ಮಾಡುವುದು ಬೇಡ.